ವೆಟರ್ನರಿಯಲ್ಲಿ ರೋಗಗಳನ್ನೆಲ್ಲ ನೆನಪಿಟ್ಟುಕೊಳ್ಳಲು ಯಾವ ನೋಟ್ಸ್ ಓದಬೇಕು?

ಶಿವಮೊಗ್ಗದಲ್ಲಿ ಬಿವಿಎಸ್ಸಿ ಮೂರನೇ ವರ್ಷ, ರೋಗಲಕ್ಷಣಗಳೆಲ್ಲ ತಲೆಯಲ್ಲಿ ಕಲಸಿಹೋಗುತ್ತಿವೆ ಅಂದಿದ್ದೀರಿ. ನನ್ನ ಹತ್ತಿರ ಬ್ಯಾಚಿಗೇ ಒಳ್ಳೆಯ ನೋಟ್ಸ್ ಇತ್ತು. ಜೂನಿಯರ್‌ಗಳು ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದರು. ಅದನ್ನು ನಂಬಿಯೇ ನಾನು ಒಂದು ಹಸುವನ್ನು ಕಳೆದದ್ದು.

ಇಂಟರ್ನ್‌ಶಿಪ್ ಸಮಯ. ತೀರ್ಥಹಳ್ಳಿ ಕಡೆಯ ಒಂದು ಮನೆ, ಎಚ್‌ಎಫ್ ಮಿಶ್ರತಳಿ ಹಸು, ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣ. ಕಿವಿ ಎತ್ತಿದರೆ ಉಣುಗು. ನನ್ನ ನೋಟ್ಸ್ ಪ್ರಕಾರ ಉಣುಗು ಪ್ಲಸ್ ಕೆಂಪು ಮೂತ್ರ ಅಂದರೆ ಬೇಬಿಸಿಯೋಸಿಸ್, ಅಂದರೆ ಉಣುಗಿನಿಂದ ಹರಡುವ ಬೇಬಿಸಿಯಾ ಅನ್ನೋ ಪರಾವಲಂಬಿಯಿಂದ ಬರುವ ರಕ್ತದ ರೋಗ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ಬಂದಿತ್ತು. ಅದರ ಔಷಧಿ ಡಿಮಿನಜೀನ್ ಕೊಟ್ಟು, ಇನ್ನು ಸರಿಹೋಗುತ್ತೆ ಅಂತ ಹೇಳಿ ಬಂದೆ.

ಮನೆಯ ಅಮ್ಮ ಬಾಗಿಲಲ್ಲೇ ಹೇಳಿದ್ದರು: 'ಕರು ಹಾಕಿ ತಿಂಗಳು ತುಂಬಿಲ್ಲ ಮಾರಾಯ್ರೇ, ಒಳ್ಳೆ ಹಾಲು ಕೊಡ್ತಿತ್ತು.' ಅದನ್ನು ಬರೀ ಗೋಳು ಅಂದುಕೊಂಡೆ. ರೋಗದ ಹೆಸರು ಅದರಲ್ಲೇ ಇತ್ತು. ಜಾಸ್ತಿ ಹಾಲು ಕೊಡುವ ಹಸುಗಳಿಗೆ ಕರು ಹಾಕಿದ ಎರಡರಿಂದ ನಾಲ್ಕು ವಾರದಲ್ಲಿ ರಂಜಕ (ಫಾಸ್ಫರಸ್) ಕಡಿಮೆಯಾದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಆಗಲೂ ಉಚ್ಚೆ ಹೀಗೇ ಇರುತ್ತೆ. ಬೇಬಿಸಿಯಾ ಆಗಿದ್ದರೆ ಸಾಮಾನ್ಯವಾಗಿ ಶುರುವಿನಲ್ಲಿ 105, 106 ಡಿಗ್ರಿ ಜ್ವರ ಸುಡುತ್ತಿರಬೇಕು. ರಂಜಕದ ಕೊರತೆಯಲ್ಲಿ ಅಂಥ ಜ್ವರ ಇರುವುದಿಲ್ಲ. ಥರ್ಮಾಮೀಟರ್ ಜೇಬಲ್ಲೇ ಇತ್ತು, ತೆಗೆಯಲಿಲ್ಲ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಲಿಲ್ಲ. ಉಚ್ಚೆಯನ್ನು ಗಾಜಿನ ಲೋಟದಲ್ಲಿ ಹಿಡಿದು ಇಟ್ಟೂ ನೋಡಲಿಲ್ಲ. ಕೆಂಪು ತಳಕ್ಕೆ ಕೂತರೆ ನೇರ ರಕ್ತ ಬರುತ್ತಿದೆ ಅಂತ, ಆಗ ಮೂತ್ರಕೋಶ, ಮೂತ್ರಪಿಂಡ ನೋಡಬೇಕು. ಬಣ್ಣ ಹಾಗೇ ನಿಂತರೆ ಹೆಚ್ಚಾಗಿ ಕಣ ಒಡೆದು ಬರುತ್ತಿದೆ. ಕೊನೆಗೆ ಸ್ಲೈಡೂ ಥರ್ಮಾಮೀಟರೂ ಬೇಕಿರಲಿಲ್ಲ ಬಿಡಿ. 'ಕರು ಹಾಕಿ ಎಷ್ಟು ದಿನ ಆಯ್ತು?' ಅಂತ ನಾನೇ ಕೇಳಿದ್ದರೂ ಕೈ ತಡೆಯುತ್ತಿತ್ತು.

ಮರುದಿನ ಸೀನಿಯರ್ ಡಾಕ್ಟರ್ ಬಂದು ಮೊದಲು ಕೇಳಿದ್ದು ಅದನ್ನೇ. ರಂಜಕ ತುಂಬಲು ಸೋಡಿಯಂ ಆಸಿಡ್ ಫಾಸ್ಫೇಟ್ ಕೊಟ್ಟರು. ಅಷ್ಟರಲ್ಲಿ ಹಸುವಿನ ಕಣ್ಣಿನ ಒಳಗೆಲ್ಲ ಬಿಳಿಚಿಕೊಂಡಿತ್ತು. ಉಳಿಯಲಿಲ್ಲ. ಆ ಮನೆಯಿಂದ ಡೈರಿಗೆ ಹೋಗುತ್ತಿದ್ದ ಹಾಲೆಲ್ಲ ಆ ಒಂದೇ ಹಸುವಿನದು. ಅಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ನೆನಪಿನ ಸಮಸ್ಯೆ ಅಲ್ಲ ಇದು. ನೋಟ್ಸ್ ರೋಗದಿಂದ ಲಕ್ಷಣಕ್ಕೆ ಹೋಗುತ್ತೆ, ಕೊಟ್ಟಿಗೆಯಲ್ಲಿ ನಿಮಗೆ ಸಿಗುವುದು ಬರೀ ಲಕ್ಷಣ. ಉಲ್ಟಾ ಬರೆದುಕೊಳ್ಳಿ. 'ಕೆಂಪು ಮೂತ್ರ' ಅಂತ ಒಂದು ಪುಟ, 'ಎದ್ದೇಳುತ್ತಿಲ್ಲ' ಅಂತ ಒಂದು ಪುಟ. ಪ್ರತಿ ಪುಟದಲ್ಲೂ ಮೇಲೆ ಮನೆಯವರಿಗೆ ಕೇಳುವ ಪ್ರಶ್ನೆ, ರೋಗದ ಹೆಸರು ಕೊನೆಗೆ. ಊರವರ ಮಾತನ್ನು ಹಗುರ ಮಾಡಬೇಡಿ. ನೀವಿರುವ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದೂ ಮಂಗಗಳು ಸತ್ತು ಬೀಳುತ್ತಿದ್ದ ಸುದ್ದಿಯ ಬೆನ್ನು ಹತ್ತಿಯೇ ಅಲ್ವಾ?

ಇನ್ನೊಂದು, ಔಷಧಿ ಪ್ರಮಾಣ ಬಾಯಿಪಾಠ ಮಾಡುವವರು ಒಂದು ಹಸುವಿಗೆ ಇಷ್ಟು ಎಂಎಲ್ ಅಂತ ಮಾಡುತ್ತಾರೆ. ಚಿಕ್ಕ ಗಾತ್ರದ ಮಲೆನಾಡು ಗಿಡ್ಡಕ್ಕೂ ದೊಡ್ಡ ಎಚ್‌ಎಫ್‌ಗೂ ಒಂದೇ ಲೆಕ್ಕ ಹಾಕಿದರೆ ಕೆಟ್ಟಿರಿ. ಹಸುವಿನ ತೂಕದ ಕೆಜಿ ಲೆಕ್ಕದಲ್ಲೇ ಕಲಿಯಿರಿ.

ಪಾಸಾಗಲು ಹಳೆ ಪ್ರಶ್ನೆಪತ್ರಿಕೆ ಸಾಕು, ಸುಮ್ನೆ ನೋಟ್ಸಿಗೆ ದುಡ್ಡು ಹಾಕಬೇಡಿ. ಎಂವಿಎಸ್ಸಿಗೆ ಮೆಡಿಸಿನ್ನೋ ಪೆಥಾಲಜಿಯೋ ಅಂತಲೂ ಕೇಳಿದ್ದೀರಿ. ಇಂಟರ್ನ್‌ಶಿಪ್ ಮುಗಿಯುವವರೆಗೆ ಅದರ ಯೋಚನೆಯೇ ಬೇಡ. ಹಳ್ಳಿಗೆ ಹೋಗುವ ಕ್ಲಿನಿಕ್ ಗಾಡಿ ಹೊರಟಾಗಲೆಲ್ಲ ಹತ್ತಿ. ಸೀಟಿಲ್ಲ ಅಂದರೆ ಹಿಂದೆ ಔಷಧಿ ಪೆಟ್ಟಿಗೆ ಪಕ್ಕ ಕೂರಿ.