ಕ್ರಿಯಾಟಿನಿನ್ 0.5 ಇದ್ದರೂ ಕಿಮೋಗೆ ಮುಂಚೆ ಮತ್ತೊಂದು ಕಿಡ್ನಿ ಟೆಸ್ಟ್ ಬೇಕಾ?

ನಿಮ್ಮ ತಾಯಿಗೆ 68 ವರ್ಷ, ತೂಕ 42 ಕೆಜಿ, ಎತ್ತರ 150 ಸೆಂ.ಮೀ., ಕ್ರಿಯಾಟಿನಿನ್ 0.5. ಕಿಡ್ನಿ ಚೆನ್ನಾಗಿದೆ ಅಂತ ರಿಪೋರ್ಟ್ ಹೇಳುವಾಗ, ಕಾರ್ಬೋಪ್ಲಾಟಿನ್ ಅನ್ನುವ ಕಿಮೋ ಔಷಧಿಗೆ ಮುಂಚೆ ಡಾಕ್ಟರ್ ಯಾಕೆ ಇನ್ನೊಂದು ಟೆಸ್ಟ್ ಬರೆದರು ಅಂತ ಕೇಳಿದ್ದೀರಿ. ಬೇಕು, ಖಂಡಿತ ಮಾಡಿಸಿ. ನಾನು ಕಿಮೋ ಡೋಸ್ ಲೆಕ್ಕ ಹಾಕುವ ಫಾರ್ಮಸಿಸ್ಟ್. ಇಂಥ ರಿಪೋರ್ಟ್ ಕಂಡರೆ ನನಗೆ ಸಮಾಧಾನಕ್ಕಿಂತ ಅನುಮಾನವೇ ಜಾಸ್ತಿ.

ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ, ಅದನ್ನು ಸೋಸಿ ಹೊರಗೆ ಹಾಕುವುದು ಕಿಡ್ನಿ. ಕ್ಯಾನ್ಸರ್‌ನಲ್ಲಿ ಊಟ ಸೇರದೆ, ಮೈ ಇಳಿದು ಮಾಂಸಖಂಡ ಕರಗಿದರೆ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಆಗ ಕಿಡ್ನಿ ಸೋತಿದ್ದರೂ ರಕ್ತದಲ್ಲಿ ಅಂಕಿ ಚೆಂದವಾಗೇ ಕಾಣುತ್ತದೆ.

ನಿಮ್ಮ ತಾಯಿಯ ಅಂಕಿಗಳನ್ನೇ ಹಾಕಿ ನೋಡೋಣ. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಅನ್ನುವ ಅಂಕಿಗೆ ಜಿಎಫ್‌ಆರ್ ಅನ್ನುತ್ತಾರೆ. ಅದನ್ನು ಕ್ರಿಯಾಟಿನಿನ್ ನೋಡಿ ಅಂದಾಜು ಮಾಡುವ 2021ರ ಸಿಕೆಡಿ-ಇಪಿಐ ಸೂತ್ರದಲ್ಲಿ ಸುಮಾರು 102 ಬರುತ್ತದೆ. ಆದರೆ ಅದು ಬಿಎಸ್‌ಎ, ಅಂದರೆ ಮೈಯ ಮೇಲ್ಮೈ ಅಳತೆ, 1.73 ಚದರ ಮೀಟರ್ ಅಂತ ಹಿಡಿದು ಕೊಟ್ಟ ಉತ್ತರ. ಅವರದು 1.32 ಅಷ್ಟೇ. ಅದಕ್ಕೆ ಹೊಂದಿಸಿದರೆ 78. ಹಳೆಯ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ 71. ಕ್ರಿಯಾಟಿನಿನ್ ಇಷ್ಟು ಕಡಿಮೆ ಇದ್ದಾಗ ಕೆಲವರು ಅದನ್ನು 0.7 ಅಂತಲೇ ಹಿಡಿಯುತ್ತಾರೆ, ಆಗ 51! ರಕ್ತ ಒಂದೇ, ಉತ್ತರ ನಾಲ್ಕು.

ಕಾರ್ಬೋಪ್ಲಾಟಿನ್ ಡೋಸ್ ನಿಂತಿರುವುದೇ ಈ ಅಂಕಿಯ ಮೇಲೆ. ಕ್ಯಾಲ್ವರ್ಟ್ ಸೂತ್ರದ ಪ್ರಕಾರ ಜಿಎಫ್‌ಆರ್‌ಗೆ 25 ಸೇರಿಸಿ ಎಯುಸಿಯಿಂದ, ಅಂದರೆ ಮೈಗೆ ಒಟ್ಟು ಎಷ್ಟು ಔಷಧಿ ತಾಗಬೇಕು ಅಂತ ಡಾಕ್ಟರ್ ಇಟ್ಟುಕೊಂಡ ಗುರಿಯಿಂದ, ಗುಣಿಸಬೇಕು. ಎಯುಸಿ 5 ಅಂದುಕೊಂಡರೆ, 51ಕ್ಕೆ 380 ಮಿಲಿಗ್ರಾಂ, 78ಕ್ಕೆ 515. ಆ 102ನ್ನು ಹಾಗೇ ಹಾಕಿಬಿಟ್ಟರೆ 635. ಜಾಸ್ತಿಯಾದರೆ ಪ್ಲೇಟ್‌ಲೆಟ್ ಕುಸಿಯುತ್ತದೆ, ಕಡಿಮೆಯಾದರೆ ಗೆಡ್ಡೆಗೆ ಔಷಧಿ ಸಾಲುವುದಿಲ್ಲ. 0.7 ಅಂತ ಹಿಡಿಯುವುದೂ ಒಂದು ಅಂದಾಜೇ ಅಲ್ವಾ? ಅದಕ್ಕೇ ಅಳೆದು ನೋಡುವುದು ಮೇಲು ಅನ್ನುತ್ತೇನೆ.

ಸಿಸ್ಟಾಟಿನ್ ಸಿ ರಕ್ತಪರೀಕ್ಷೆಗೆ ಮಾಂಸಖಂಡದ ಹಂಗು ಅಷ್ಟಿಲ್ಲ. ಆದರೆ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್, ಥೈರಾಯ್ಡ್ ತೊಂದರೆ, ಉರಿಯೂತ ಇದ್ದರೆ ಅದೂ ಏರುಪೇರಾಗುತ್ತದೆ. ಎಲ್ಲಕ್ಕಿಂತ ನಂಬಬಹುದಾದದ್ದು ಕಿಡ್ನಿ ಸೋಸಿ ಹೊರಗೆ ಹಾಕುವ ಡಿಟಿಪಿಎ ಅಥವಾ ಅಯೋಹೆಕ್ಸಾಲ್ ಅನ್ನುವ ವಸ್ತು ಚುಚ್ಚಿ, ಕೆಲವು ಗಂಟೆಗಳ ಅಂತರದಲ್ಲಿ ರಕ್ತ ತೆಗೆದು, ಅದು ಎಷ್ಟು ಬೇಗ ಖಾಲಿಯಾಗುತ್ತದೆ ಅಂತ ನೋಡುವುದು. ರಕ್ತ ತೆಗೆಯದೆ ಬರೀ ಸ್ಕ್ಯಾನ್ ಕ್ಯಾಮೆರಾದ ಚಿತ್ರದಿಂದ ಹೇಳುವ ಜಿಎಫ್‌ಆರ್ ಇಷ್ಟು ನಿಖರವಲ್ಲ. ಯಾವ ವಿಧಾನ ಅಂತ ಧೈರ್ಯವಾಗಿ ಕೇಳಿ.

ಇದರ ಉಲ್ಟಾ ಕೂಡ ಉಂಟು. ಟ್ರೈಮೆಥೋಪ್ರಿಮ್ ಅನ್ನುವ ಆಂಟಿಬಯಾಟಿಕ್, ಅಬೆಮಾಸಿಕ್ಲಿಬ್ ಅನ್ನುವ ಸ್ತನ ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರಲ್ಲಿ ಕಿಡ್ನಿ ಸೋಸುವುದು ಕಡಿಮೆಯಾಗದಿದ್ದರೂ ಕ್ರಿಯಾಟಿನಿನ್ ಏರಬಹುದು. ಅದನ್ನು ನೋಡಿ ಗಾಬರಿಯಿಂದ ನೀವೇ ಔಷಧಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಟೆಸ್ಟ್‌ಗೆ ಹೋದಾಗ ಈಚೆಗೆ ಎಷ್ಟು ತೂಕ ಇಳಿದಿದೆ, ಸ್ಟೀರಾಯ್ಡ್ ನಡೆಯುತ್ತಿದೆಯಾ, ಹೊಟ್ಟೆಯಲ್ಲಿ ನೀರು ತುಂಬಿದೆಯಾ ಅನ್ನುವುದನ್ನು ತಪ್ಪದೆ ಹೇಳಿ. ನೀರು ತುಂಬಿದ್ದರೆ ಚುಚ್ಚಿದ ವಸ್ತು ಅಲ್ಲಿಗೂ ಸೋರಿ ಲೆಕ್ಕ ಕೆಡುತ್ತದೆ, ತೂಕವೂ ಸುಳ್ಳು ಹೇಳುತ್ತದೆ. ಇನ್ನು ಫೈಲಿನಲ್ಲಿರುವ ಹಳೆಯ ತೂಕ ಬೇಡ, ಅವತ್ತೇ ತೂಗಿ ಬರೆಸಿ.