ಲೇಖನ ವಾಪಸ್ ಕಳಿಸುತ್ತಿದ್ದೇನೆ, ತಿದ್ದಿ ಕೊಡಿ

ಬೀದರಿನ ಗೆಳೆಯರೇ, ನಮಸ್ಕಾರ.

ಗ್ರಿಡ್‌ಸಿಮ್ ಅನ್ನುವ ಸಿಮ್ಯುಲೇಶನ್ ತಂತ್ರಾಂಶದಲ್ಲಿ ಜಾಬ್ (ಕಂಪ್ಯೂಟರಿಗೆ ಒಪ್ಪಿಸಿದ ಕೆಲಸ) ಕ್ಯಾನ್ಸಲ್ ಮಾಡುವುದು, ಪ್ರೊಸೆಸರ್‌ಗಳ ಮುಂಗಡ ರಿಸರ್ವೇಶನ್ ಮಾಡುವುದು ಹೇಗೆ ಅಂತ ನೀವು ಬರೆದ ಲೇಖನ ಓದಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ವಿಷಯ ಚೆನ್ನಾಗಿದೆ, ತಿದ್ದಿದರೆ ಹಾಕುತ್ತೇನೆ.

ಮೊದಲ ಪುಟ ಪೂರ್ತಿ ಮಹಮೂದ್ ಗವಾನರ ಮದರಸಾ. 1472ರಲ್ಲಿ ಕಟ್ಟಿದ್ದು, ನಮ್ಮ ಕಡೆಯ ಹೆಮ್ಮೆ, ಎಲ್ಲ ಸರಿ. ಆದರೆ ಅಲ್ಲಿಂದ ಒಮ್ಮೆಲೇ ಕಂಪ್ಯೂಟರ್‌ಗೆ ಹಾರಿದ್ದೀರಿ. ಅದನ್ನು ತೆಗೆಯಿರಿ, ಬೇರೆ ಲೇಖನಕ್ಕೆ ಆಗುತ್ತದೆ. ಎರಡನೇ ಪುಟವನ್ನೂ ಮೂರು ಸಾಲಿಗೆ ಇಳಿಸಿ: ದೂರದೂರದ ಕಂಪ್ಯೂಟರುಗಳನ್ನು ಸೇರಿಸಿ ಕೆಲಸ ಹಂಚಿದರೆ ಅದು ಗ್ರಿಡ್. ನಿಜವಾದ ಗ್ರಿಡ್ ಮೇಲೆ ಒಂದೇ ಪ್ರಯೋಗವನ್ನು ಮತ್ತೆ ಮತ್ತೆ ಮಾಡುವುದು ಕಷ್ಟ. ಅದಕ್ಕೇ ರಾಜ್‌ಕುಮಾರ್ ಬುಯ್ಯ, ಮಂಜೂರ್ ಮುರ್ಷೆದ್ ಗ್ರಿಡ್‌ನ ನಕಲನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡಲು ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಿಡ್‌ಸಿಮ್ ಮಾಡಿ 2002ರಲ್ಲಿ ಅದರ ಬಗ್ಗೆ ಪ್ರಬಂಧ ಬರೆದರು. ಸಾಕು.

ಈಗ ಅಸಲು ಮಾತು. ‘ಕ್ಯಾನ್ಸಲ್ ಅಂದ ತಕ್ಷಣ ಜಾಬ್ ನಿಲ್ಲುತ್ತದೆ’ ಎಂದಿದ್ದೀರಿ. ಹಾಗಲ್ಲ ರೀ. ಕ್ಯಾನ್ಸಲ್ ಅನ್ನುವುದೂ ನೆಟ್‌ವರ್ಕ್ ಮೇಲೆ ಹೋಗುವ ಒಂದು ಸಂದೇಶವೇ, ಅದಕ್ಕೂ ಸಮಯ ಹಿಡಿಯುತ್ತದೆ. 500 ಮಿಪ್ಸ್‌ನ (ಸೆಕೆಂಡಿಗೆ 500 ಮಿಲಿಯನ್ ಇನ್‌ಸ್ಟ್ರಕ್ಷನ್, ಅಂದರೆ ಆದೇಶ, ಮುಗಿಸುವ) ಒಂದು ಪ್ರೊಸೆಸರ್, 5000 ಮಿಲಿಯನ್ ಇನ್‌ಸ್ಟ್ರಕ್ಷನ್‌ನ ಒಂದು ಗ್ರಿಡ್‌ಲೆಟ್ (ಗ್ರಿಡ್‌ಸಿಮ್‌ನಲ್ಲಿ ಜಾಬ್‌ಗೆ ಇರುವ ಹೆಸರು) ತಗೊಳ್ಳಿ. ಕೆಲಸ 10ನೇ ಸೆಕೆಂಡಿಗೆ ಮುಗಿಯುತ್ತದೆ. ನೀವು 9ಕ್ಕೆ ಕ್ಯಾನ್ಸಲ್ ಕಳಿಸಿದಿರಿ, ತಲುಪಲು 2 ಸೆಕೆಂಡ್ ಬೇಕು ಅಂದುಕೊಳ್ಳಿ. ಅದು ಹೋಗಿ ಮುಟ್ಟುವಷ್ಟರಲ್ಲಿ ಕೆಲಸ ಮುಗಿದೇ ಹೋಗಿರುತ್ತದೆ. ಕ್ಯಾನ್ಸಲ್ ಮಾಡಲು ಏನು ಉಳಿಯಿತು?

ಇನ್ನೂ ಮಜಾ ಇರುವುದು ಟೈಮ್-ಶೇರ್ಡ್‌ನಲ್ಲಿ, ಅಂದರೆ ಒಂದೇ ಪ್ರೊಸೆಸರನ್ನು ಹಲವು ಜಾಬ್‌ಗಳು ಹಂಚಿಕೊಂಡು ಓಡುವಾಗ. ನೀವು ಅದನ್ನು ಮುಟ್ಟೇ ಇಲ್ಲ. ಅದೇ ಪ್ರೊಸೆಸರ್ ಮೇಲೆ ಅಂಥದೇ ಎರಡು ಗ್ರಿಡ್‌ಲೆಟ್ ಒಟ್ಟಿಗೆ ಓಡಿದರೆ ತಲಾ 250 ಮಿಪ್ಸ್ ಸಿಗುತ್ತದೆ, ಎರಡೂ 20ಕ್ಕೆ ಮುಗಿಯುತ್ತವೆ. 4ನೇ ಸೆಕೆಂಡಿಗೆ ಒಂದನ್ನು ಕಿತ್ತರೆ? ಇನ್ನೊಂದು ಅಷ್ಟರಲ್ಲಿ 1000 ಮಿಲಿಯನ್ ಇನ್‌ಸ್ಟ್ರಕ್ಷನ್ ಮುಗಿಸಿರುತ್ತದೆ, ಉಳಿದ 4000ಕ್ಕೆ ಪೂರ್ತಿ ವೇಗ ಸಿಗುತ್ತದೆ, 12ಕ್ಕೇ ಮುಗಿಯುತ್ತದೆ. ಒಬ್ಬರ ಕ್ಯಾನ್ಸಲ್ ಇನ್ನೊಬ್ಬರಿಗೆ 8 ಸೆಕೆಂಡ್ ಉಳಿಸಿತು. ಓದುಗನಿಗೆ ಬೇಕಾದದ್ದು ಇದು ಅಲ್ವಾ? ಮೆಥಡ್‌ಗಳ (ಪ್ರೋಗ್ರಾಂನಲ್ಲಿ ಬಳಸುವ ಆಜ್ಞೆಗಳ) ಹೆಸರಿನ ಪಟ್ಟಿ ಯಾರು ಓದ್ತಾರೆ?

ರಿಸರ್ವೇಶನ್‌ಗೆ ಮದುವೆ ಹಾಲ್ ಬುಕಿಂಗ್‌ನ ಹೋಲಿಕೆ ಕೊಟ್ಟಿದ್ದೀರಿ. ಚೆನ್ನಾಗಿದೆ, ಆದರೆ ಅರ್ಧಕ್ಕೇ ಬಿಟ್ಟಿದ್ದೀರಿ. ತಾರೀಖು ಕೇಳಿದ ಮಾತ್ರಕ್ಕೆ ಹಾಲ್ ನಿಮ್ಮದಾಗುವುದಿಲ್ಲ, ಅಡ್ವಾನ್ಸ್ ಕೊಡಬೇಕು. ಇಲ್ಲೂ ಅಷ್ಟೇ. ಯಾವಾಗಿನಿಂದ, ಎಷ್ಟು ಹೊತ್ತು, ಎಷ್ಟು ಪ್ರೊಸೆಸರ್ ಅಂತ ಕೇಳಬೇಕು, ಒಪ್ಪಿಗೆ ಬಂದ ಮೇಲೆ ಗಡುವಿನೊಳಗೆ ಕಮಿಟ್ ಮಾಡಬೇಕು, ಅಂದರೆ ಬುಕಿಂಗ್ ಖಚಿತ ಮಾಡಬೇಕು. ಮಾಡದಿದ್ದರೆ ಬುಕಿಂಗ್ ಬಿದ್ದುಹೋಗುತ್ತದೆ. ಕಮಿಟ್ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ! ಜೊತೆಗೆ ರಿಸರ್ವೇಶನ್‌ನ ನಷ್ಟವನ್ನೂ ಹೇಳಿ. 100ನೇ ಸೆಕೆಂಡಿಗೆ ಕಾಯ್ದಿಟ್ಟ ಪ್ರೊಸೆಸರ್‌ಗೆ 70ಕ್ಕೆ ಒಂದು ನಿಮಿಷದ ಜಾಬ್ ಬಂದರೆ ಅದು ಅಲ್ಲಿ ಹಿಡಿಯುವುದಿಲ್ಲ. ಆ 30 ಸೆಕೆಂಡಿಗೆ ಹೊಂದುವ ಸಣ್ಣ ಜಾಬ್ ಸಿಗದಿದ್ದರೆ ಪ್ರೊಸೆಸರ್ ಸುಮ್ನೆ ಕೂತಿರುತ್ತದೆ.

ಆರು ಕೋಷ್ಟಕ ಜಾಸ್ತಿ ಆಯ್ತು, ಎರಡು ಸಾಕು. ಪ್ರೋಗ್ರಾಂ ಓಡಿಸಿ ಬಂದ ಔಟ್‌ಪುಟ್ ಅನ್ನೂ ಹಾಗೇ ಕಳಿಸಿ, ಅಂಕಿಗಳನ್ನು ನಾನೂ ಒಮ್ಮೆ ತಾಳೆ ನೋಡಬೇಕು. ಕಲಬುರಗಿ ಕಡೆ ಬಂದರೆ ಲ್ಯಾಪ್‌ಟಾಪ್ ತಗೊಂಡೇ ಆಫೀಸಿಗೆ ಬನ್ನಿ.

— ಸಂಪಾದಕ