ಪಾಲಡಿನ್ ಇದ್ದರೆ ಆಟವೇ ನಿಂತುಹೋಗುತ್ತದೆ, ಏನು ಮಾಡಬೇಕು?

ದಾವಣಗೆರೆಯ ನಿಮ್ಮ ಗುಂಪಿನ ಪಾಲಡಿನ್ (ಧರ್ಮದ ಪ್ರತಿಜ್ಞೆ ತೊಟ್ಟ ಯೋಧನ ಪಾತ್ರ), ಕಳ್ಳನ ಪಾತ್ರಕ್ಕೆ ಒಂದು ಸುಳ್ಳು ಹೇಳಲೂ ಬಿಡುವುದಿಲ್ಲ ಎಂದಿದ್ದೀರಿ. ಈ ಚಾಳಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುತ್ತ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಹಳೆಯ ನಿಯಮಗಳದ್ದು. 3.5ನೇ ಆವೃತ್ತಿಯಲ್ಲಿ ಬೇಕೆಂದೇ ಒಂದು ದುಷ್ಟ ಕೆಲಸ ಮಾಡಿದರೂ ಪಾಲಡಿನ್‌ನ ಶಕ್ತಿಯೆಲ್ಲ ಹೋಗುತ್ತಿತ್ತು; ದುಷ್ಟರ ಜೊತೆ ತಿರುಗುವಂತೆಯೂ ಇರಲಿಲ್ಲ. 2014ರ 5ನೇ ಆವೃತ್ತಿಯಲ್ಲಿ ಅದಿಲ್ಲ. 3ನೇ ಲೆವೆಲ್‌ನಲ್ಲಿ ಒಂದು ಪ್ರತಿಜ್ಞೆ ಆರಿಸಿಕೊಂಡರಾಯಿತು. ಅದು ಕಟ್ಟಿಹಾಕುವುದು ಅವನನ್ನು, ಪಕ್ಕದಲ್ಲಿ ಕೂತವರನ್ನಲ್ಲ.

ಆಟ ಶುರುವಾಗುವ ಮುಂಚೆ ಪಾಲಡಿನ್ ಆಡುವವರಿಂದ ಮೂರು ಸಾಲು ಬರೆಸಿ: ನಾನು ಎಂದೂ ಮಾಡದ್ದು, ಬೇರೆಯವರು ಮಾಡಿದರೆ ತಡೆಯುವಂಥದ್ದು, ಕಂಡರೂ ಸುಮ್ಮನಿರುವಂಥದ್ದು. ಮೂರನೆಯದು ಖಾಲಿ ಬಿಟ್ಟರೆ ಜಗಳ ಗ್ಯಾರಂಟಿ.

ಚಿತ್ರದುರ್ಗದಂಥ ಕೋಟೆಯಲ್ಲಿ ಕಥೆ ನಡೆಯುತ್ತಿದೆ ಅಂದುಕೊಳ್ಳಿ. ಕಿಂಡಿಯಲ್ಲಿ ನುಸುಳಿದ ಬೇಹುಗಾರ ಶರಣಾಗಿದ್ದಾನೆ, ಕಳ್ಳ ಕತ್ತು ಕೊಯ್ಯೋಣ ಅನ್ನುತ್ತಾನೆ. (ಓಬವ್ವನ ಹೋಲಿಕೆ ಇಲ್ಲಿ ನಡೆಯದು, ಆಕೆಯ ಎದುರಿಗೆ ಬಂದವರು ಶರಣಾಗಿರಲಿಲ್ಲ.) ಬರೀ 'ಬೇಡ' ಅನ್ನುವ ಪಾಲಡಿನ್ ಎಲ್ಲರಿಗೂ ತಲೆನೋವು. 'ಇವನ ಕಾವಲು ನನ್ನದು, ರಾತ್ರಿ ನಿದ್ದೆ ಬಿಡುವವನೂ ನಾನೇ' ಎಂದರೆ ಖರ್ಚು ಅವನ ಲೆಕ್ಕಕ್ಕೆ, ಆಟ ಮುಂದಕ್ಕೆ.

ಆಟ ನಡೆಸುವವರೂ ಅಷ್ಟೇ, ಯಾವ ದಾರಿ ಹಿಡಿದರೂ ಪಾಪವೇ ಆಗುವ ಬಲೆ ಹೆಣೆಯಬಾರದು. ಪ್ರತಿಜ್ಞೆ ಮುರಿಯುವಂತಿದ್ದರೆ ಡೈಸ್ ಉರುಳುವ ಮುಂಚೆಯೇ ಹೇಳಿಬಿಡಿ.